ಎಲ್ಲ ಗೊತ್ತಿದ್ದೂ ಈ ಹೊತ್ತಿನ ಸುಖವನ್ನೇ ಏಕೆ ಆರಿಸಿಕೊಳ್ಳುತ್ತೇವೆ?

ಪ್ರಶ್ನೆ: ದೃಷ್ಟಿಪರೀಕ್ಷಕಿ

ನಾನು ಕಣ್ಣಿನ ಪರೀಕ್ಷೆ ಮಾಡುವವಳು. ಗ್ಲಾಕೋಮಾ ಇರುವವರ ದೃಷ್ಟಿಕ್ಷೇತ್ರವನ್ನು ಯಂತ್ರದಲ್ಲಿ ಅಳೆಯುವುದು, ವೈದ್ಯರು ಬರೆದ ಹನಿಯನ್ನು ಹೇಗೆ ಹಾಕಿಕೊಳ್ಳಬೇಕೆಂದು ಹೇಳಿಕೊಡುವುದು ನನ್ನ ನಿತ್ಯದ ಕೆಲಸ. ವರ್ಷಗಳಿಂದ ಕಾಡುತ್ತಿರುವ ಒಂದು ಪ್ರಶ್ನೆಯನ್ನು ಇಲ್ಲಿ ಕೇಳುತ್ತಿದ್ದೇನೆ. "ಮನೋಬಲವಿಲ್ಲ", "ಅಸಡ್ಡೆ" ಎಂಬ ಉತ್ತರಗಳು ದಯವಿಟ್ಟು ಬೇಡ. ಅವನ್ನು ಕೇಳಿ ಕೇಳಿ ಸಾಕಾಗಿದೆ, ಅವು ನಿಜವೆಂದು ನನಗೆ ಅನ್ನಿಸುವುದೂ ಇಲ್ಲ.

ಈ ಕಾಯಿಲೆಯ ಪರಿಚಯವಿಲ್ಲದವರಿಗೆ ಎರಡು ಮಾತು. ಗ್ಲಾಕೋಮಾದಲ್ಲಿ ದೃಷ್ಟಿ ನರ ನಿಧಾನವಾಗಿ ಹಾಳಾಗುತ್ತದೆ. ಬಹಳ ಜನರಲ್ಲಿ ಕಾಣುವ ಬಗೆಯಲ್ಲಿ ನೋವಿರುವುದಿಲ್ಲ, ಕಣ್ಣು ಕೆಂಪಾಗುವುದಿಲ್ಲ. ಮೊದಲು ಹೋಗುವುದು ಅಂಚಿನ ನೋಟ. ಖಾಲಿಯಾದ ಜಾಗವನ್ನು ಮಿದುಳು ತಾನೇ ತುಂಬಿಕೊಳ್ಳುವುದರಿಂದ ಏನೋ ಕಳೆದುಹೋಗಿದೆ ಎಂಬುದೇ ತಿಳಿಯುವುದಿಲ್ಲ. ಹೋದ ನೋಟ ಮರಳಿ ಬರುವುದೂ ಇಲ್ಲ. ಉಳಿದದ್ದನ್ನು ಕಾಪಾಡಲು ಸಾಬೀತಾಗಿರುವ ದಾರಿ ಒಂದೇ, ಕಣ್ಣಿನ ಒತ್ತಡವನ್ನು ಇಳಿಸುವುದು. ಸ್ವೀಡನ್ನಿನಲ್ಲಿ ನಡೆದ ಒಂದು ದೊಡ್ಡ ಪ್ರಯೋಗದಲ್ಲಿ ಒತ್ತಡ 1 ಮಿಲಿಮೀಟರ್ ಪಾದರಸದಷ್ಟು ಇಳಿದರೂ ಕಾಯಿಲೆ ಮುಂದುವರಿಯುವ ಅಪಾಯ ಸುಮಾರು ಶೇ 10ರಷ್ಟು ತಗ್ಗಿತ್ತು. ಅದಕ್ಕಾಗಿ ದಿನಕ್ಕೊಂದು ಹನಿ, ಕೆಲವರಿಗೆ ಎರಡು ಮೂರು, ಜೀವನಪೂರ್ತಿ.

ಒಬ್ಬರ ವಿಷಯ ಹೇಳುತ್ತೇನೆ. ಕೆಲಸದ ಜೀವನವನ್ನೆಲ್ಲ ಲೆಕ್ಕಪತ್ರದಲ್ಲಿ ಕಳೆದವರು, ಚಕ್ರಬಡ್ಡಿಯನ್ನು ಬಾಯಲ್ಲೇ ಲೆಕ್ಕ ಹಾಕಬಲ್ಲವರು. ಪರೀಕ್ಷೆಯ ಹಾಳೆಯನ್ನು ಮುಂದಿಟ್ಟಾಗ ನಾನು ಬಾಯಿ ತೆರೆಯುವ ಮೊದಲೇ ಬೆರಳಿಟ್ಟು ತೋರಿಸಿದರು: "ಮೂಗಿನ ಕಡೆಯ ಈ ಕಪ್ಪು ಹೋದ ಸಲ ಇಷ್ಟು ದೊಡ್ಡದಿರಲಿಲ್ಲ." ಹನಿಯ ಬಾಟಲಿ ತಂದಿದ್ದೀರಾ ಎಂದು ಕೇಳಿದೆ. ಜೇಬಿನಿಂದ ತೆಗೆದುಕೊಟ್ಟರು. ತೆರೆದ ತಾರೀಖನ್ನು ಅದರ ಮೇಲೆ ನಾನೇ ಬರೆದಿದ್ದೆ. ಆ ಲೆಕ್ಕಕ್ಕೆ ಅದು ಮುಗಿದು ಹೊಸ ಬಾಟಲಿ ಬರಬೇಕಿತ್ತು. ಬೆಳಕಿಗೆ ಹಿಡಿದು ನೋಡಿದರೆ ಅರ್ಧಕ್ಕಿಂತ ಹೆಚ್ಚು ಔಷಧ ಹಾಗೆಯೇ ಇದೆ. ಅವರು ಸುಳ್ಳು ಹೇಳಲಿಲ್ಲ. "ಹಾಕಿದರೆ ಉರಿ, ಬೆಳಿಗ್ಗೆ ಎದ್ದರೆ ಕಣ್ಣು ಕೆಂಪು. ಒಂದು ದಿನ ಬಿಟ್ಟರೆ ಏನಾಗುತ್ತದೆ, ನೀವೇ ಹೇಳಿ ಮೇಡಂ" ಎಂದರು.

ನಿಜವಾದ ಉತ್ತರ, ಒಂದು ದಿನ ಬಿಟ್ಟರೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಬೇರೆ ಏನು ಹೇಳಿದರೂ ಸುಳ್ಳಾಗುತ್ತದೆ.

ಇವರೊಬ್ಬರ ಕಥೆಯಲ್ಲ ಇದು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೋಗಿಗಳಿಗೆ ಹನಿಯನ್ನು ಉಚಿತವಾಗಿ ಕೊಟ್ಟು, ಪ್ರತಿ ಬಳಕೆಯನ್ನು ದಾಖಲಿಸುವ ಸಾಧನವನ್ನೂ ಕೊಟ್ಟಿದ್ದರು. ದಾಖಲಾಗುತ್ತಿದೆ ಎಂಬುದು ರೋಗಿಗಳಿಗೆ ಗೊತ್ತಿತ್ತು. ಆದರೂ ಅವರಲ್ಲಿ ಸುಮಾರು ಶೇ 45ರಷ್ಟು ಜನ ಹಾಕಿಕೊಳ್ಳಬೇಕಾದ ಹನಿಗಳಲ್ಲಿ ಮುಕ್ಕಾಲು ಪಾಲನ್ನೂ ಹಾಕಿಕೊಂಡಿರಲಿಲ್ಲ. ತಿಳಿವಳಿಕೆಯಿದೆ, ಔಷಧ ಕೈಯಲ್ಲಿದೆ, ಕುರುಡಾಗುವ ಭಯವೂ ಇದೆ. ಇಷ್ಟೆಲ್ಲ ಇದ್ದೂ ಒಂದು ರಾತ್ರಿಯ ಉರಿಯನ್ನು ತಪ್ಪಿಸಿಕೊಳ್ಳುವುದೇ ಏಕೆ ಗೆಲ್ಲುತ್ತದೆ?


ಉತ್ತರ: ಅರ್ಥಶಾಸ್ತ್ರದ ವಿದ್ಯಾರ್ಥಿ

ಮೇಡಂ, ಈ ಪ್ರಶ್ನೆ ಅರ್ಥಶಾಸ್ತ್ರಜ್ಞರನ್ನೂ ಬಹುಕಾಲ ಕಾಡಿದೆ. 1937ರಲ್ಲಿ ಪಾಲ್ ಸ್ಯಾಮುಯೆಲ್ಸನ್ ಕೊಟ್ಟ ಮಾದರಿಯಲ್ಲಿ ಮನುಷ್ಯ ಮುಂದೆ ಸಿಗುವ ಲಾಭದ ಬೆಲೆಯನ್ನು ಒಂದೇ ದರದಲ್ಲಿ ಇಳಿಸುತ್ತಾ ಹೋಗುತ್ತಾನೆ. ಹಾಗಿದ್ದರೆ ಇವತ್ತು ಮಾಡಿದ ತೀರ್ಮಾನ ನಾಳೆಯೂ ಸರಿಯೆಂದೇ ಕಾಣಬೇಕು. (ಜನ ನಿಜವಾಗಿ ಹೀಗೆಯೇ ನಡೆದುಕೊಳ್ಳುತ್ತಾರೆ ಎಂದು ಸ್ಯಾಮುಯೆಲ್ಸನ್ ಹೇಳಿರಲಿಲ್ಲ. ಆ ಭಾರವನ್ನು ಮಾದರಿಯ ಮೇಲೆ ಹೊರಿಸಿದವರು ನಂತರದವರು.)

1981ರಲ್ಲಿ ರಿಚರ್ಡ್ ಥೇಲರ್ ಕೆಲವರಿಗೆ ಒಂದು ಪ್ರಶ್ನೆ ಹಾಕಿದರು. ಈಗಲೇ ಸಿಗುವ 15 ಡಾಲರ್ ಬಿಟ್ಟು ಕಾಯಬೇಕಾದರೆ ಒಂದು ತಿಂಗಳ ನಂತರ ಎಷ್ಟು ಸಿಗಬೇಕು? ಒಂದು ವರ್ಷದ ನಂತರ? ಹತ್ತು ವರ್ಷದ ನಂತರ? ಉತ್ತರಗಳನ್ನು ಸಾಲಾಗಿ ಜೋಡಿಸಿದಾಗ ನಡುವೆ ಬಂದವು 20, 50 ಮತ್ತು 100 ಡಾಲರ್. ವಾರ್ಷಿಕ ಬಡ್ಡಿಗೆ ಪರಿವರ್ತಿಸಿದರೆ ಒಂದು ತಿಂಗಳ ಕಾಯುವಿಕೆಗೆ ಶೇ 345, ಹತ್ತು ವರ್ಷದ ಕಾಯುವಿಕೆಗೆ ಶೇ 19. ಒಂದೇ ಮನುಷ್ಯನಲ್ಲಿ ಎರಡೂ ದರಗಳಿವೆ. ದೂರದ ವಿಷಯದಲ್ಲಿ ನಮಗೆ ಸಾಕಷ್ಟು ತಾಳ್ಮೆಯಿದೆ, ಸೋಲುವುದು "ಈಗ" ಎಂಬುದರ ಮುಂದೆ.

ಆದ್ದರಿಂದಲೇ ಮನಸ್ಸು ತಿರುಗಿಬೀಳುತ್ತದೆ. ದೂರದಲ್ಲಿ ನಿಂತು ನೋಡಿದರೆ ಹಿಂದಿರುವ ಬೆಟ್ಟವೇ ಎತ್ತರ, ಮುಂದಿನ ಗುಡ್ಡ ಚಿಕ್ಕದು. ಗುಡ್ಡದ ಬುಡಕ್ಕೆ ಬಂದಾಗ ಬೆಟ್ಟ ಕಾಣುವುದೇ ಇಲ್ಲ. ಬೆಳಿಗ್ಗೆ ನಿಮ್ಮ ಮುಂದೆ ಕುಳಿತು "ಇನ್ನು ತಪ್ಪಿಸುವುದಿಲ್ಲ" ಎನ್ನುವ ಮನುಷ್ಯ ಮನಃಪೂರ್ವಕವಾಗಿಯೇ ಹೇಳುತ್ತಿರುತ್ತಾನೆ. ರಾತ್ರಿ ಬಾಟಲಿ ಕೈಗೆತ್ತಿಕೊಂಡಾಗ ಅವನು ನಿಂತಿರುವ ಜಾಗ ಬೇರೆಯಾಗಿರುತ್ತದೆ.

ಇದು ಮನುಷ್ಯರಿಗೆ ಮಾತ್ರ ಅಂಟಿದ್ದಲ್ಲ. ಜಾರ್ಜ್ ಏನ್ಸ್ಲಿ 1974ರಲ್ಲಿ ಪಾರಿವಾಳಗಳ ಮುಂದೆ ಒಂದು ಗುಂಡಿ ಇಟ್ಟರು. ಅದು ಕೆಂಪಾದಾಗ ಕುಕ್ಕಿದರೆ ಕೂಡಲೇ ಸ್ವಲ್ಪ ಕಾಳು, ಕುಕ್ಕದೆ ಮೂರು ಸೆಕೆಂಡು ತಡೆದರೆ ಅದರ ಎರಡರಷ್ಟು. ಹೆಚ್ಚುಕಡಿಮೆ ಪ್ರತಿ ಸಲವೂ ಅವು ಕುಕ್ಕಿದವು. ಆದರೆ ಕೆಂಪು ಬಣ್ಣ ಕಾಣಿಸಿಕೊಳ್ಳುವ ಮೊದಲೇ ಹಸಿರು ಗುಂಡಿಯನ್ನು ಕುಕ್ಕಿದರೆ ಕೆಂಪು ಬರದಂತೆ ತಡೆಯುವ ಅವಕಾಶ ಕೊಟ್ಟಾಗ, ಕೆಲವು ಪಾರಿವಾಳಗಳು ಹಸಿರನ್ನು ಕುಕ್ಕಲು ಕಲಿತವು. ಆಸೆಯ ಮುಂದೆ ನಿಂತು ಗೆಲ್ಲಲಾಗದ ಹಕ್ಕಿ ಆಸೆ ಎದುರಾಗದಂತೆ ಮೊದಲೇ ಬಾಗಿಲು ಹಾಕಿಕೊಂಡಿತು. ನಿಮ್ಮ ಕೆಲಸಕ್ಕೆ ಉಪಯೋಗವಾಗುವುದು ಈ ಭಾಗವೇ ಎಂದು ನನಗೆ ತೋರುತ್ತದೆ.


ಉತ್ತರ: ಆರೈಕೆಯವನು

ಸಿದ್ಧಾಂತದ ಬಗ್ಗೆ ನಾನು ಮಾತನಾಡಲಾರೆ. ನನ್ನ ತಾಯಿಗೆ ಇದೇ ಕಾಯಿಲೆ, ಅವರ ಕಣ್ಣಿಗೆ ಹನಿ ಹಾಕುವವನು ನಾನು. ಕಂಡದ್ದನ್ನು ಹೇಳುತ್ತೇನೆ.

ನೀವೆಲ್ಲ ಉರಿಯ ಬಗ್ಗೆ ಹೇಳುತ್ತಿದ್ದೀರಿ. ಉರಿ ಒಂದು ನಿಮಿಷದಲ್ಲಿ ತಣಿಯುತ್ತದೆ. ನನ್ನ ತಾಯಿ ಅದಕ್ಕಿಂತ ದೊಡ್ಡ ನೋವುಗಳನ್ನು ಹಲ್ಲು ಕಚ್ಚಿ ಸಹಿಸಿದವರು, ಆ ಉರಿಗೆ ಹೆದರುವವರೇ ಅಲ್ಲ. ಆದರೂ ದಿನವೆಲ್ಲ ನಗುನಗುತ್ತಾ ಇದ್ದವರು ಬಾಟಲಿ ಕಂಡ ಕೂಡಲೇ ಮುಖ ತಿರುಗಿಸುತ್ತಿದ್ದರು. "ಇವತ್ತೊಂದು ದಿನ ಬೇಡ ಮಗನೇ" ಎನ್ನುತ್ತಿದ್ದರು. ಏಕೆಂದು ನನಗೆ ಬಹಳ ಕಾಲ ಅರ್ಥವಾಗಲಿಲ್ಲ. ಒಮ್ಮೆ ಅವರೇ ಹೇಳಿದರು: "ಬೆಳಗಿನಿಂದ ನನಗೆ ಯಾವ ಕಾಯಿಲೆಯೂ ಇರುವುದಿಲ್ಲ. ನೀನು ಇದನ್ನು ತಂದಾಗ ಬರುತ್ತದೆ."

ಅವರ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಕಾಯಿಲೆಗೆ ನೋವಿಲ್ಲ, ಔಷಧಕ್ಕೆ ನೋವಿದೆ. ಕಾಯಿಲೆ ಕಣ್ಣಿಗೆ ಕಾಣಿಸುವುದಿಲ್ಲ, ಔಷಧ ಕಾಣಿಸುತ್ತದೆ. ಜ್ವರಕ್ಕೆ ಮಾತ್ರೆ ನುಂಗಿದರೆ ಮೈ ಹಗುರವಾಗುತ್ತದೆ, ಮರುದಿನವೂ ನುಂಗಬೇಕೆಂದು ಮೈಯೇ ಕೇಳುತ್ತದೆ. ಈ ಹನಿ ಹಾಕಿದ ಮೇಲೆ ನೋಟ ಒಂದು ಕೂದಲೆಳೆಯಷ್ಟೂ ಸುಧಾರಿಸುವುದಿಲ್ಲ. ಚೆನ್ನಾಗಿ ಕೆಲಸ ಮಾಡಿದರೆ ಅದರ ಫಲ ಎಂದರೆ ಏನೂ ಆಗದಿರುವುದು. ಹನಿ ಬಿಟ್ಟ ರಾತ್ರಿ ಅವರಿಗೆ ಸಿಗುತ್ತಿದ್ದದ್ದು ಆರೋಗ್ಯವಂತಳಾಗಿ ಮಲಗುವ ಒಂದು ರಾತ್ರಿ. ಅದನ್ನು ಕ್ಷಣಿಕ ಸುಖ ಎಂದು ಯಾರಾದರೂ ಹಗುರವಾಗಿ ಮಾತನಾಡಿದರೆ ನನಗೆ ಬೇಸರವಾಗುತ್ತದೆ. ಮುಂದೆ ಅದಕ್ಕೆ ತೆರಬೇಕಾದ ಬೆಲೆ ಭಯಂಕರ, ನಿಜ. ಆದರೆ ಅವರಿಗೆ ಸಿಗುತ್ತಿದ್ದದ್ದು ಚಿಕ್ಕದಾಗಿರಲಿಲ್ಲ.

ನಾವು ಮಾಡಿದ್ದು ಇಷ್ಟು. ಅವರಿಗೆ ಎರಡು ಬೇರೆ ಬೇರೆ ಹನಿಗಳಿವೆ. ಮೊದಲನೆಯದನ್ನು ಹಾಕಿ, ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು. ಔಷಧ ಗಂಟಲಿಗೆ ಇಳಿದು ರಕ್ತ ಸೇರದಿರಲಿ ಎಂದು. ಎರಡನೆಯದಕ್ಕೆ ಮುಂಚೆ ಐದು ನಿಮಿಷ ಬಿಡಬೇಕು, ಇಲ್ಲದಿದ್ದರೆ ಮೊದಲಿನದು ತೊಳೆದುಹೋಗುತ್ತದೆ. ಕಣ್ಣು ಮುಚ್ಚಿ ಸುಮ್ಮನೆ ಕುಳಿತ ಆ ಐದು ನಿಮಿಷ ಅವರ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತಿತ್ತು. ಅವರಿಗೆ ಕಾದಂಬರಿಗಳ ಹುಚ್ಚು, ಈಚೆಗೆ ಸಣ್ಣ ಅಕ್ಷರ ಓದುವುದು ಕಷ್ಟ. ಆ ಐದು ನಿಮಿಷ ನಾನು ಓದಿ ಹೇಳತೊಡಗಿದೆ. ನಿಯಮ ಒಂದೇ. ಕಥೆ ಎಷ್ಟೇ ಬಿಗಿಯಾದ ಜಾಗದಲ್ಲಿ ನಿಂತಿರಲಿ, ಮುಂದಿನ ಪುಟ ಹನಿಯ ಹೊತ್ತಿಗೆ ಮಾತ್ರ. ಕೆಲವೇ ದಿನಗಳಲ್ಲಿ ಅವರೇ ಕರೆಯಲು ಶುರು ಮಾಡಿದರು: "ಹೊತ್ತಾಯಿತು, ಬಾಟಲಿ ತಾ."


ಉತ್ತರ: ಶಾಲಾ ಶಿಕ್ಷಕಿ

ಮೇಲಿನ ಉತ್ತರ ಓದಿ ಮನಸ್ಸು ತುಂಬಿತು. ಆದರೆ ಇಡೀ ಚರ್ಚೆಯಲ್ಲಿ ಒಂದು ವಿಷಯ ಬಿಟ್ಟುಹೋಗುತ್ತಿದೆ ಎಂದು ನನಗೆ ಅನ್ನಿಸುತ್ತದೆ. ಕಾಯುವುದು ಯಾವಾಗಲೂ ಜಾಣತನ, ಈಗಲೇ ತೆಗೆದುಕೊಳ್ಳುವುದು ಯಾವಾಗಲೂ ದೌರ್ಬಲ್ಯ ಎಂಬ ಊಹೆಯನ್ನು ನಾನು ಒಪ್ಪುವುದಿಲ್ಲ.

1960ರ ದಶಕದ ಕೊನೆಯಿಂದ ವಾಲ್ಟರ್ ಮಿಶೆಲ್ ಸ್ಟ್ಯಾನ್‌ಫೋರ್ಡ್‌ನಲ್ಲಿ ಮಾಡಿದ ಪ್ರಯೋಗಗಳು ನಿಮಗೆ ಗೊತ್ತಿರಬಹುದು. ಒಂದು ಸಿಹಿಯನ್ನು ಈಗ ತಿನ್ನದೆ ಕಾದರೆ ಎರಡು. ಕಾದ ಮಕ್ಕಳು ಮುಂದೆ ಓದಿನಲ್ಲಿ ಮೇಲುಗೈ ಸಾಧಿಸಿದರು ಎಂಬ ನಂತರದ ವರದಿಗಳನ್ನು ಹಿಡಿದು ಶಿಕ್ಷಕರಿಗೆ ಎಷ್ಟು ಉಪದೇಶ ನಡೆದಿದೆಯೋ ಲೆಕ್ಕವಿಲ್ಲ. 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿಯೊಂದಿಗೆ ಮತ್ತೆ ನೋಡಿದಾಗ ಆ ಸಂಬಂಧ ಮೊದಲು ಹೇಳಿದ್ದಕ್ಕಿಂತ ಬಹಳ ಚಿಕ್ಕದಿತ್ತು. ಮನೆಯ ಪರಿಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಇನ್ನೂ ಕುಗ್ಗಿತು.

2013ರ ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತ ಮುಖ್ಯ. ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 28 ಮಕ್ಕಳಿಗೆ ಮೊದಲು ಚಿತ್ರ ಬಿಡಿಸುವ ಕೆಲಸ ಕೊಟ್ಟು, "ಇನ್ನೂ ಒಳ್ಳೆಯ ಬಣ್ಣಗಳನ್ನು ತಂದುಕೊಡುತ್ತೇನೆ, ಕಾಯಿರಿ" ಎಂದರು. ಅರ್ಧ ಮಕ್ಕಳಿಗೆ ತಂದುಕೊಟ್ಟರು, ಉಳಿದವರ ಬಳಿಗೆ ಬರಿಗೈಯಲ್ಲಿ ಬಂದು "ಇಲ್ಲವಂತೆ" ಎಂದರು. ಆಮೇಲೆ ಸಿಹಿಯ ಪರೀಕ್ಷೆ. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು, ಮೋಸಹೋದವರು 3 ನಿಮಿಷ. ಆ ಮಕ್ಕಳಿಗೆ ಸಂಯಮ ಇಲ್ಲವೆಂದು ನಾನಂತೂ ಹೇಳಲಾರೆ. ನಾಳೆಯ ಮೇಲೆ ನಂಬಿಕೆಯಿಡಲು ಕಾರಣವಿಲ್ಲದವರು ಕೈಯಲ್ಲಿರುವುದನ್ನು ಹಿಡಿದುಕೊಂಡರೆ ಅದು ಅವರ ಅನುಭವ ಕಲಿಸಿದ ವಿವೇಕ.

ಇನ್ನು ಕೊರತೆಯ ಮಾತು. ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ ಕೈ ಬರಿದಾಗಿದ್ದಾಗ ಮತ್ತು ಕಟಾವಿನ ನಂತರ ಹಣ ಬಂದಾಗ ಒಂದೇ ಬಗೆಯ ಬುದ್ಧಿ ಪರೀಕ್ಷೆಗೆ ಒಳಪಡಿಸಿದ ಅಧ್ಯಯನವೂ 2013ರಲ್ಲೇ ಬಂತು. ಅದೇ ರೈತ ಕಟಾವಿಗೆ ಮುಂಚೆ ಕಡಿಮೆ ಅಂಕ ಪಡೆದ. ಚಿಂತೆ ತಲೆಯಲ್ಲಿ ಜಾಗ ಹಿಡಿದಿರುವಾಗ ಮುಂದಿನ ಇಪ್ಪತ್ತು ವರ್ಷ ಅಲ್ಲಿಗೆ ಪ್ರವೇಶಿಸುವುದು ಹೇಗೆ? ಮೇಡಂ, ಹನಿ ಬಿಟ್ಟವರನ್ನು ಮುಂದಿನ ಸಲ ಕಂಡಾಗ, ಮನೆಯಲ್ಲಿ ಸದ್ಯ ಬೇರೆ ಏನು ನಡೆಯುತ್ತಿದೆ ಎಂದು ಕೇಳಿ ನೋಡಿ.


ದೃಷ್ಟಿಪರೀಕ್ಷಕಿ

ಮೂವರಿಗೂ ಕೃತಜ್ಞತೆಗಳು. ಮೂರೂ ಉತ್ತರಗಳನ್ನು ನನ್ನ ಮೇಜಿನ ಬಳಿ ಕಂಡದ್ದರೊಂದಿಗೆ ಇಟ್ಟು ನೋಡಿದೆ.

ಮೊದಲನೆಯದಾಗಿ, ಆ "ಈಗ". ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಸಂಗತಿಯಿದೆ. ತಪಾಸಣೆಯ ದಿನ ಹತ್ತಿರವಾದಂತೆ ಜನ ಹನಿಯನ್ನು ಕ್ರಮವಾಗಿ ಹಾಕಿಕೊಳ್ಳುತ್ತಾರೆ, ತಪಾಸಣೆ ಮುಗಿದು ವಾರಗಳು ಕಳೆದಂತೆ ಸಡಿಲವಾಗುತ್ತದೆ. ಬೇರೆ ಕಾಯಿಲೆಗಳ ಮಾತ್ರೆಗಳಲ್ಲೂ ಇದೇ ಕಂಡುಬಂದಿದೆ. ಇದನ್ನು ನಾನು ಇಷ್ಟು ದಿನ ವೈದ್ಯರ ಮುಂದೆ ಒಳ್ಳೆಯವರಾಗಿ ಕಾಣಿಸಿಕೊಳ್ಳುವ ಆಸೆ ಎಂದಷ್ಟೇ ನೋಡುತ್ತಿದ್ದೆ. ಈಗ ಬೇರೆಯಾಗಿ ಕಾಣುತ್ತಿದೆ: ಇಪ್ಪತ್ತು ವರ್ಷ ದೂರದ ಕುರುಡುತನ ಮಾಡಲಾಗದ ಕೆಲಸವನ್ನು ಮುಂದಿನ ವಾರದ ತಪಾಸಣೆ ಮಾಡುತ್ತಿದೆ. ಇದರಿಂದ ಒಂದು ತೊಂದರೆಯೂ ಇದೆ. ಆ ವಾರ ಹನಿ ಬಿದ್ದಿರುವುದರಿಂದ ಒತ್ತಡ ಸರಿಯಾಗಿಯೇ ಇರುತ್ತದೆ, ದೃಷ್ಟಿಕ್ಷೇತ್ರ ಮಾತ್ರ ಕುಗ್ಗಿರುತ್ತದೆ. ಈ ಒತ್ತಡವೂ ಅವರಿಗೆ ಹೆಚ್ಚೇ ಆಗಿರಬೇಕೆಂದು ವೈದ್ಯರು ಇನ್ನೊಂದು ಹನಿಯನ್ನು ಸೇರಿಸುತ್ತಾರೆ, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯ ಮಾತೂ ಬರುತ್ತದೆ.

ಎರಡನೆಯದು, ಅನುಭವ ಕಲಿಸುವ ಪಾಠದ ವಿಷಯ. ಒತ್ತಡ ಹೆಚ್ಚಿದ್ದರೂ ನರ ಇನ್ನೂ ಹಾಳಾಗಿರದವರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 5 ವರ್ಷಗಳ ಕೊನೆಗೆ ಹನಿ ಹಾಕಿಕೊಳ್ಳದವರಲ್ಲಿ ಶೇ 9.5 ಜನರಿಗೆ ಗ್ಲಾಕೋಮಾ ಬಂತು, ಹಾಕಿಕೊಂಡವರಲ್ಲಿ ಶೇ 4.4. ಅಪಾಯ ಅರ್ಧಕ್ಕಿಂತ ಕಡಿಮೆಯಾಯಿತು, ನಮಗೆ ಅದು ದೊಡ್ಡ ಗೆಲುವು. ಆದರೆ ಹನಿ ಹಾಕದ ಹತ್ತು ಜನರಲ್ಲಿ ಒಂಬತ್ತು ಜನರಿಗೆ ಆ ಐದು ವರ್ಷ ಏನೂ ಆಗಲಿಲ್ಲ ಎಂಬುದೂ ಅದೇ ಅಂಕಿಯಲ್ಲಿದೆ. ಅವರ ಅನುಭವ ಅವರಿಗೆ ಪ್ರತಿದಿನ "ನೀನು ಮಾಡಿದ್ದು ಸರಿ" ಎಂದೇ ಹೇಳಿತು. ಶಿಕ್ಷಕಿಯವರೇ, ನಿಮ್ಮ ಮಾತು ಇಲ್ಲಿ ನನಗೆ ತಟ್ಟಿತು. ಅವರು ಅವಿವೇಕಿಗಳಾಗಿರಲಿಲ್ಲ, ಬದುಕು ಹೇಳಿದ್ದನ್ನು ಕೇಳುತ್ತಿದ್ದರು.

ಇನ್ನು "ಒಂದು ದಿನ ಬಿಟ್ಟರೆ ಏನಾಗುತ್ತದೆ" ಎಂಬುದು. ಅದಕ್ಕೆ ನನ್ನಲ್ಲಿ ಇನ್ನೂ ಉತ್ತರವಿಲ್ಲ.


ಅರ್ಥಶಾಸ್ತ್ರದ ವಿದ್ಯಾರ್ಥಿ

ಅದಕ್ಕೆ ಉತ್ತರವಿಲ್ಲದಿರುವುದು ನಿಮ್ಮ ಕೊರತೆಯಲ್ಲ ಮೇಡಂ, ಪ್ರಶ್ನೆ ಹಾಗೆ ಕಟ್ಟಿಕೊಂಡಿದೆ. ಮನೋವಿಜ್ಞಾನಿ ರಿಚರ್ಡ್ ಹೆರ್ನ್‌ಸ್ಟೈನ್ ತೋರಿಸಿಕೊಟ್ಟದ್ದು ಇದನ್ನೇ. ಪ್ರತಿ ಸಲವೂ ಆ ಕ್ಷಣಕ್ಕೆ ಮೇಲಾದದ್ದನ್ನು ಆರಿಸುತ್ತಾ ಹೋಗಿ, ಒಟ್ಟಿನಲ್ಲಿ ಕೆಳಮಟ್ಟದ ಸ್ಥಿತಿಗೆ ತಲುಪಬಹುದು. ದಾರಿಯಲ್ಲಿ ಯಾವ ಒಂದು ಆಯ್ಕೆಯೂ ತಪ್ಪೆಂದು ಕಾಣುವುದಿಲ್ಲ. ನಿಮ್ಮ ಲೆಕ್ಕಪತ್ರದವರು ಇವತ್ತಿನ ಹನಿಯ ಬಗ್ಗೆ ಮಾಡಿದ ಲೆಕ್ಕ ಸರಿಯಾಗಿಯೇ ಇದೆ. ಹಾನಿ ಯಾವ ದಿನದ್ದೂ ಅಲ್ಲ, ಒಟ್ಟು ಮೊತ್ತದಲ್ಲಿದೆ. ಹಾಗಾಗಿ ಒಂದು ದಿನದ ಲೆಕ್ಕದಲ್ಲಿ ಅವರೊಂದಿಗೆ ವಾದಕ್ಕಿಳಿದರೆ ನೀವು ಸೋಲುತ್ತೀರಿ. ಏನ್ಸ್ಲಿ ಸೂಚಿಸುವುದು ಆಯ್ಕೆಗಳನ್ನು ಕಂತೆ ಕಟ್ಟಿ ನೋಡುವುದನ್ನು. "ಇವತ್ತು ಬಿಟ್ಟರೆ ಏನಾಗುತ್ತದೆ" ಎಂಬುದರ ಬದಲು "ಇವತ್ತಿನಂಥ ರಾತ್ರಿಗಳಲ್ಲೆಲ್ಲ ಬಿಡುವವನಾದರೆ ಏನಾಗುತ್ತದೆ" ಎಂದು ಕೇಳಿದರೆ ಉತ್ತರ ಅವರಿಗೇ ಗೊತ್ತಿದೆ. ಬೆರಳಿಟ್ಟು ತೋರಿಸಿದ್ದು ಅದನ್ನೇ ಅಲ್ಲವೇ?

ಕಾದಂಬರಿಯ ಉಪಾಯದ ಬಗ್ಗೆಯೂ ಒಂದು ಮಾತು. ಕೇಟಿ ಮಿಲ್ಕ್‌ಮನ್ ಮತ್ತು ಸಹೋದ್ಯೋಗಿಗಳು 2014ರಲ್ಲಿ ಪ್ರಕಟಿಸಿದ ಪ್ರಯೋಗ ಹೆಚ್ಚುಕಡಿಮೆ ಇದೇ. ಬಿಡದೆ ಕೇಳಬೇಕೆನ್ನಿಸುವ ಧ್ವನಿಪುಸ್ತಕಗಳನ್ನು ವ್ಯಾಯಾಮಶಾಲೆಯಲ್ಲಿ ಮಾತ್ರ ಕೇಳಲು ಸಿಗುವಂತೆ ಮಾಡಿದಾಗ, ಅಲ್ಲಿಗೆ ಬರುವುದು ಆರಂಭದಲ್ಲಿ ಶೇ 51ರಷ್ಟು ಹೆಚ್ಚಿತು. ದೂರದ ಫಲವನ್ನು ಹತ್ತಿರಕ್ಕೆ ತರಲಾಗದಿದ್ದಾಗ ಹತ್ತಿರದ ಇನ್ನೊಂದು ಸುಖವನ್ನು ಅದಕ್ಕೆ ಕಟ್ಟಿಹಾಕುವುದು. ಆದರೆ ನಡುವೆ ರಜೆ ಬಂದ ಮೇಲೆ ಆ ಪರಿಣಾಮ ಬಹುಮಟ್ಟಿಗೆ ಕರಗಿತು.


ದೃಷ್ಟಿಪರೀಕ್ಷಕಿ

ಕಂತೆಯ ಮಾತನ್ನು ನಾಳೆಯಿಂದಲೇ ಪ್ರಯತ್ನಿಸುತ್ತೇನೆ. ದೃಷ್ಟಿಕ್ಷೇತ್ರದ ಹಾಳೆಗಳನ್ನು ಇನ್ನು ಮೇಲೆ ಒಂದೊಂದಾಗಿ ತೋರಿಸದೆ, ಮೊದಲಿನಿಂದ ಇವತ್ತಿನವರೆಗಿನದ್ದನ್ನು ಸಾಲಾಗಿ ಮೇಜಿನ ಮೇಲೆ ಹರಡಬೇಕು. ಹನಿಯ ಹೊತ್ತಿಗೆ ಮನೆಯಲ್ಲಿ ಯಾರಿರುತ್ತಾರೆ, ಆಗ ಏನು ನಡೆಯುತ್ತಿರುತ್ತದೆ ಎಂದೂ ಕೇಳಬೇಕು. ತಪಾಸಣೆಗಳ ನಡುವೆ ಒಂದು ಫೋನ್ ಕರೆ ಸೇರಿಸಬಹುದೇ ಎಂದು ವೈದ್ಯರೊಂದಿಗೆ ಮಾತನಾಡುತ್ತೇನೆ.

ಆರೈಕೆಯವರಿಗೆ ಒಂದು ಪ್ರಶ್ನೆ. ರಜೆಯ ನಂತರ ಪರಿಣಾಮ ಕರಗಿತು ಎಂದರಲ್ಲ, ನಿಮ್ಮಲ್ಲಿ ಹಾಗಾಯಿತೇ? ಕಾದಂಬರಿ ಮುಗಿದಾಗ ಏನು ಮಾಡಿದಿರಿ?


ಆರೈಕೆಯವನು

ಆಯಿತು. ಮೊದಲ ಕಾದಂಬರಿ ಮುಗಿದು ಇನ್ನೊಂದು ಸಿಗುವವರೆಗೆ ನಡುವೆ ಕೆಲವು ದಿನ ಬಿಡುವಾಯಿತು. "ಇವತ್ತು ಬೇಡ ಮಗನೇ" ಮತ್ತೆ ಶುರುವಾಯಿತು, ಮೊದಲಿನಷ್ಟೇ ಗಟ್ಟಿಯಾಗಿ. ಇಷ್ಟು ದಿನಗಳಲ್ಲಿ ಅಭ್ಯಾಸ ಕೂತಿರಬೇಕೆಂದು ನಾನು ಎಣಿಸಿದ್ದೆ. ಕೂತಿದ್ದು ಕಥೆ ಕೇಳುವ ಅಭ್ಯಾಸ, ಹನಿಯದ್ದಲ್ಲ.

ಆದ್ದರಿಂದ ಈಗ ಒಂದು ಮುಗಿಯುವ ಮೊದಲೇ ಇನ್ನೊಂದನ್ನು ತಂದಿಟ್ಟುಕೊಳ್ಳುತ್ತೇನೆ. ಹಳೆಯ ಕಾದಂಬರಿಯ ಕೊನೆಯ ಪುಟ ಮತ್ತು ಹೊಸದರ ಮೊದಲ ಪುಟವನ್ನು ಒಂದೇ ರಾತ್ರಿ ಓದುತ್ತೇನೆ. ಎರಡೂ ಪುಟಗಳಿಗೆ ಐದು ನಿಮಿಷ ಸಾಕಾಗುತ್ತದೆ. ನಾನು ಮನೆಯಲ್ಲಿಲ್ಲದ ದಿನಗಳಿಗೆ ನನ್ನ ತಂಗಿಗೆ ಪುಟದ ಗುರುತು ಹಾಕಿಕೊಟ್ಟು ಹೋಗುತ್ತೇನೆ. ಮುಂದಿನ ಪುಟವನ್ನು ಅವಳೂ ಹನಿ ಹಾಕದೆ ಓದುವುದಿಲ್ಲ.